ಕಾಲೇಜ್ ಫುಟ್‌ಬಾಲ್ ಪ್ಲೇಆಫ್: ಇನ್ನಷ್ಟು ತಂಡ ಯಾರಿಗಾಗಿ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಅನೇಕರ ಮನೆಗೆ ಅಮೆರಿಕನ್ ಫುಟ್‌ಬಾಲ್ ಎಂಬ ಈ ಆಟ ಬಂದದ್ದು ಮಕ್ಕಳ ಮೂಲಕ. ಮಗನೋ ಮಗಳೋ ಕೊಲಂಬಸ್ಸಿನಲ್ಲಿ, ಆನ್ ಆರ್ಬರಿನಲ್ಲಿ, ಆಸ್ಟಿನ್ನಿನಲ್ಲಿ ಓದಲು ಸೇರಿದ ಮೇಲೆ ಶರತ್ಕಾಲದ ಶನಿವಾರಗಳೆಂದರೆ ಅಮೆರಿಕದ ಕಾಲೇಜು ಊರುಗಳಲ್ಲಿ ಏನು ಎಂಬುದು ನಮಗೂ ಗೊತ್ತಾಯಿತು. ಆಟದ ನಿಯಮಗಳನ್ನು ವಿವರಿಸಲು ಇವತ್ತು ಸಮಯವಿಲ್ಲ. ನನಗೆ ಕೊಟ್ಟಿರುವ ಪ್ರಶ್ನೆ ಒಂದೇ: ಕಾಲೇಜ್ ಫುಟ್‌ಬಾಲ್‌ನ ಪ್ಲೇಆಫ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಹಂತದಲ್ಲಿ, ಈಗ 12 ತಂಡಗಳಿವೆ, ಅದನ್ನು 16ಕ್ಕೋ 24ಕ್ಕೋ ಏರಿಸಬೇಕೆ?

ನನ್ನ ಉತ್ತರ ಮೊದಲೇ ಹೇಳುತ್ತೇನೆ. ನಾಲ್ಕರಿಂದ ಹನ್ನೆರಡಕ್ಕೆ ಹೋದದ್ದು ನ್ಯಾಯ. ಹನ್ನೆರಡರಿಂದ ಮುಂದಕ್ಕೆ ಹೋಗುವುದು ನ್ಯಾಯಕ್ಕಾಗಿ ಅಲ್ಲ, ಎರಡು ಶ್ರೀಮಂತ ಕಾನ್ಫರೆನ್ಸ್‌ಗಳ, ಅಂದರೆ ತಂಡಗಳ ಕೂಟಗಳ, ಅನುಕೂಲಕ್ಕಾಗಿ. ಈ ಎರಡು ಹೆಜ್ಜೆಗಳು ಒಂದೇ ದಾರಿಯ ಮುಂದುವರಿಕೆಯಂತೆ ಕಾಣುತ್ತವೆ. ಹಾಗಲ್ಲ ಎಂದು ತೋರಿಸುವುದೇ ಇವತ್ತಿನ ನನ್ನ ಕೆಲಸ.

ಈ ಆಟಕ್ಕೆ ಮಾತ್ರ ಈ ತಲೆನೋವು ಯಾಕೆ ಎಂಬುದನ್ನು ಮೊದಲು ನೋಡೋಣ. ಐಪಿಎಲ್‌ನಲ್ಲಿ ಹತ್ತು ತಂಡಗಳು, ಒಂದೊಂದಕ್ಕೂ 14 ಲೀಗ್ ಪಂದ್ಯ. ಕೊನೆಗೆ ಅಂಕಪಟ್ಟಿಯೇ ಮಾತಾಡುತ್ತದೆ, ಮೇಲಿನ ನಾಲ್ಕು ಒಳಗೆ, ಉಳಿದವು ಮನೆಗೆ. ಯಾವ ಸಮಿತಿಯೂ ಕೂತು ಚರ್ಚಿಸಬೇಕಿಲ್ಲ. ಕಾಲೇಜ್ ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ 2025ರಲ್ಲಿ ಇದ್ದದ್ದು 136 ತಂಡಗಳು. ದೇಹ ನಜ್ಜುಗುಜ್ಜಾಗುವ ಆಟ, ಹಾಗಾಗಿ ವಾರಕ್ಕೊಂದೇ ಪಂದ್ಯ, ಋತುವಿಗೆ ಹನ್ನೆರಡು. 136 ತಂಡಗಳು ಹನ್ನೆರಡು ಹನ್ನೆರಡು ಪಂದ್ಯ ಆಡಿದರೆ ಯಾರು ಯಾರಿಗಿಂತ ಮೇಲು ಎಂದು ಅಂಕಪಟ್ಟಿ ಹೇಳಲಾರದು. ಒಂದೇ ಕಾನ್ಫರೆನ್ಸ್‌ನೊಳಗೂ ಈಗ ಎಲ್ಲರೂ ಎಲ್ಲರ ಮೇಲೆ ಆಡುವುದಿಲ್ಲ. ಪೆಸಿಫಿಕ್ ತೀರದ ಯುಸಿಎಲ್‌ಎ, ಒರೆಗಾನ್ ತಂಡಗಳನ್ನೂ ಸೇರಿಸಿಕೊಂಡು ಬಿಗ್ ಟೆನ್ ಎಂಬ ಹೆಸರಿನ ಕೂಟದಲ್ಲಿ ಇವತ್ತು 18 ತಂಡಗಳಿವೆ.

ಅಂಕಪಟ್ಟಿ ಹೇಳದಿದ್ದಾಗ ಯಾರಾದರೂ ಹೇಳಲೇಬೇಕಲ್ಲ? 1936ರಿಂದ ಎಪಿ ಸುದ್ದಿಸಂಸ್ಥೆಯ ಪತ್ರಕರ್ತರ ಮತದಾನ ಆ ಕೆಲಸ ಮಾಡಿತು, 1950ರಿಂದ ಕೋಚ್‌ಗಳ ಮತದಾನವೂ ಸೇರಿತು. ಎರಡೂ ಮತದಾನಗಳು ಬೇರೆ ಬೇರೆ ತಂಡವನ್ನು ಮೇಲಿಟ್ಟ ವರ್ಷ ದೇಶಕ್ಕೆ ಇಬ್ಬರು ಚಾಂಪಿಯನ್ನರು. 1997ರಲ್ಲಿ ಮಿಷಿಗನ್ ಒಂದು ಕಡೆ, ನೆಬ್ರಾಸ್ಕ ಇನ್ನೊಂದು ಕಡೆ. ಇಬ್ಬರೂ ಒಂದು ಪಂದ್ಯವನ್ನೂ ಸೋತಿರಲಿಲ್ಲ, ಒಬ್ಬರ ಎದುರು ಒಬ್ಬರು ಆಡಿಯೂ ಇರಲಿಲ್ಲ. ಮರುವರ್ಷ ಬಿಸಿಎಸ್ ಎಂಬ ವ್ಯವಸ್ಥೆ ಬಂತು. ಮತದಾನ, ಕಂಪ್ಯೂಟರ್ ಲೆಕ್ಕ ಎರಡನ್ನೂ ಬೆರೆಸಿ ಎರಡು ತಂಡಗಳನ್ನು ಆರಿಸಿ ಅವುಗಳ ನಡುವೆ ಒಂದು ಫೈನಲ್.

ಎರಡು ತಂಡ ಸಾಲದು ಎಂಬುದಕ್ಕೆ 2006ಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಆ ನವೆಂಬರ್ 18ರಂದು ಒಹಾಯೊ ಸ್ಟೇಟ್ ಮತ್ತು ಮಿಷಿಗನ್, ದೇಶದ ಒಂದನೇ ಮತ್ತು ಎರಡನೇ ತಂಡಗಳು, ಎರಡೂ 11-0, ಕೊಲಂಬಸ್ಸಿನಲ್ಲಿ ಎದುರಾದವು. ಹಿಂದಿನ ದಿನವಷ್ಟೇ ಮಿಷಿಗನ್‌ನ ದಂತಕಥೆ, ಹಳೆಯ ಕೋಚ್ ಬೋ ಶೆಂಬೆಕ್ಲರ್ ತೀರಿಕೊಂಡಿದ್ದರು. ಒಹಾಯೊ ಸ್ಟೇಟ್ 42-39ರಿಂದ ಗೆದ್ದಿತು. ಈ ಎರಡೇ ದೇಶದ ಶ್ರೇಷ್ಠ ತಂಡಗಳು, ಫೈನಲ್‌ನಲ್ಲಿ ಇವೇ ಮತ್ತೆ ಆಡಲಿ ಎಂದು ಬಹಳ ಮಂದಿ ವಾದಿಸಿದರು. ಕೊನೆಗೆ ಕೂದಲೆಳೆಯ ಅಂತರದಲ್ಲಿ ಮಿಷಿಗನ್ ಹೊರಗುಳಿದು ಫ್ಲಾರಿಡಾ ಒಳಬಂತು. ಫ್ಲಾರಿಡಾ ಆ ಫೈನಲ್ ಗೆದ್ದದ್ದು 41-14ರಿಂದ. ಅಷ್ಟು ಜನ ಪಂಡಿತರು ಅಷ್ಟು ಖಚಿತವಾಗಿ ಹೇಳಿದ ಮಾತು ಮೂರು ಗಂಟೆಯ ಆಟದಲ್ಲಿ ಬಿದ್ದುಹೋಯಿತು. ಅದೇ ಋತುವಿನಲ್ಲಿ ಬಾಯ್ಸಿ ಸ್ಟೇಟ್ ಎಂಬ ಸಣ್ಣ ಕಾನ್ಫರೆನ್ಸ್‌ನ ತಂಡ ಒಕ್ಲಹೋಮವನ್ನು ಫಿಯೆಸ್ಟಾ ಬೌಲ್‌ನಲ್ಲಿ (ಋತುವಿನ ಕೊನೆಗೆ ಆಹ್ವಾನಿತ ತಂಡಗಳು ಆಡುವ ಪಂದ್ಯವನ್ನು ಬೌಲ್ ಎನ್ನುತ್ತಾರೆ) 43-42ರಿಂದ ಸೋಲಿಸಿ 13-0 ಎಂದು ಋತು ಮುಗಿಸಿತು. ಒಂದೂ ಸೋಲದ ಆ ತಂಡಕ್ಕೆ ಪ್ರಶಸ್ತಿಗಾಗಿ ಆಡುವ ಅವಕಾಶವೇ ಬರಲಿಲ್ಲ.

ನನ್ನ ಅಳತೆಗೋಲು ಹುಟ್ಟಿದ್ದು ಇಲ್ಲಿಂದ. ಒಂದು ತಂಡವನ್ನು ಹೊರಗಿಟ್ಟಾಗ ನಾನು ಕೇಳುವುದು ಇಷ್ಟೇ: ಮೈದಾನದಲ್ಲಿ ಅವರು ಇನ್ನೇನು ಮಾಡಬೇಕಿತ್ತು? ಬಾಯ್ಸಿ ಸ್ಟೇಟ್ ಆಡಿದ ಹದಿಮೂರನ್ನೂ ಗೆದ್ದಿತ್ತು. 2004ರ ಆಬರ್ನ್ ಕೂಡ ಹಾಗೆಯೇ, 13-0. ಇನ್ನೇನೂ ಮಾಡಲಾಗುತ್ತಿರಲಿಲ್ಲ ಎಂಬುದು ಉತ್ತರವಾದರೆ ವ್ಯವಸ್ಥೆ ತಪ್ಪು. ಆ ಒಂದು ಪಂದ್ಯ ಗೆಲ್ಲಬಹುದಿತ್ತು ಎಂಬುದು ಉತ್ತರವಾದರೆ ತಪ್ಪು ವ್ಯವಸ್ಥೆಯದ್ದಲ್ಲ.

2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಬಂತು. ಕಂಪ್ಯೂಟರ್ ಹೋಗಿ ಆಯ್ಕೆ ಸಮಿತಿ ಬಂತು. ಮೊದಲ ವರ್ಷವೇ ನಾಲ್ಕನೇ ಸೀಡ್ (ಪ್ಲೇಆಫ್‌ನೊಳಗಿನ ಶ್ರೇಯಾಂಕ) ಆಗಿದ್ದ ಒಹಾಯೊ ಸ್ಟೇಟ್ ಅಲಬಾಮವನ್ನೂ ಒರೆಗಾನ್ ಅನ್ನೂ ಸೋಲಿಸಿ ಚಾಂಪಿಯನ್ ಆಯಿತು. ಹಳೆಯ ವ್ಯವಸ್ಥೆಯಲ್ಲಿ ಆ ತಂಡ ಫೈನಲ್‌ನ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ದೊಡ್ಡ ಕಾನ್ಫರೆನ್ಸ್‌ಗಳೇ ಐದಿದ್ದವು, ಜಾಗ ನಾಲ್ಕು. 2017ರಲ್ಲಿ ಸಣ್ಣ ಕಾನ್ಫರೆನ್ಸ್‌ನ ಯುಸಿಎಫ್ ತಂಡ ಅಜೇಯವಾಗಿದ್ದರೂ ಹೊರಗುಳಿಯಿತು, ಆಮೇಲೆ ಪೀಚ್ ಬೌಲ್‌ನಲ್ಲಿ ಆಬರ್ನ್ ಅನ್ನು ಸೋಲಿಸಿತು.

ನಾಲ್ಕರ ಆಟ ಮುಗಿಸಿದ್ದು 2023ರ ಫ್ಲಾರಿಡಾ ಸ್ಟೇಟ್. ನವೆಂಬರ್‌ನಲ್ಲಿ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಮುಖ್ಯ ಆಟಗಾರ, ಜಾರ್ಡನ್ ಟ್ರಾವಿಸ್ ಕಾಲು ಮುರಿಯಿತು. ಬದಲಿಗೆ ಬಂದವನನ್ನಿಟ್ಟುಕೊಂಡು ಫ್ಲಾರಿಡಾ ಎಂಬ ಬೇರೆಯೇ ತಂಡವನ್ನು ಅದರದೇ ನೆಲದಲ್ಲಿ ಸೋಲಿಸಿದರು. ಅವನೂ ಆಡಲಾಗದೆ ಹೋದಾಗ ಮೂರನೆಯವನನ್ನು ಇಳಿಸಿ ಲೂಯಿವಿಲ್ ವಿರುದ್ಧ 16-6ರಿಂದ ಎಸಿಸಿ ಕಾನ್ಫರೆನ್ಸ್ ಗೆದ್ದರು. 13-0. ಮರುದಿನ ಸಮಿತಿ ಅವರನ್ನು ಐದನೇ ಸ್ಥಾನಕ್ಕಿಟ್ಟು, ಒಂದು ಸೋಲಿದ್ದ ಅಲಬಾಮವನ್ನು ನಾಲ್ಕಕ್ಕೆ ತಂದಿತು. ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಇನ್ನು ಮೊದಲಿನ ತಂಡವಲ್ಲ ಎಂಬುದು ಕೊಟ್ಟ ಕಾರಣ. ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಎದುರು 63-3ರಿಂದ ಸೋತದ್ದನ್ನು ತೋರಿಸಿ, ಸಮಿತಿ ಹೇಳಿದ್ದೇ ಸರಿ ಎನ್ನುವವರಿದ್ದಾರೆ. ಆ ಹೊತ್ತಿಗೆ ಫ್ಲಾರಿಡಾ ಸ್ಟೇಟ್‌ನ ಪ್ರಮುಖ ಆಟಗಾರರಲ್ಲಿ ಹಲವರು ಬೌಲ್ ಪಂದ್ಯವೇ ಬೇಡವೆಂದು ಬಿಟ್ಟುಹೋಗಿದ್ದರು ಎಂಬುದನ್ನು ಅವರು ಹೇಳುವುದಿಲ್ಲ. ಹದಿಮೂರು ಪಂದ್ಯ ಆಡಿ ಗೆದ್ದವರನ್ನು, ಹದಿನಾಲ್ಕನೆಯದು ಸೋಲುತ್ತೀರಿ ಎಂಬ ಊಹೆಯ ಮೇಲೆ ಹೊರಗಿಡುವುದು ಆಟವೆಂಬುದರ ಬುಡಕ್ಕೇ ಕೊಡಲಿ.

2024ರಲ್ಲಿ ಹನ್ನೆರಡು ತಂಡ ಬಂದಾಗ ನಾನು ಸಂತೋಷಪಟ್ಟದ್ದು ಇದಕ್ಕೇ. ಶ್ರೇಯಾಂಕದಲ್ಲಿ ಮೇಲಿರುವ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಆಗ ಖಚಿತ ಸ್ಥಾನವಿತ್ತು, ಉಳಿದ ಏಳು ಶ್ರೇಯಾಂಕದ ಮೇಲೆ. ಫ್ಲಾರಿಡಾ ಸ್ಟೇಟ್‌ನಂಥ ತಂಡಕ್ಕೆ ಈಗ ಅನ್ಯಾಯವಾಗುವುದಿಲ್ಲ. ಆಟದ ಫಲವೂ ನೋಡಿ. ಮೊದಲ ವರ್ಷ ಚಾಂಪಿಯನ್ ಆದ ಒಹಾಯೊ ಸ್ಟೇಟ್ ಎಂಟನೇ ಸೀಡ್. ಎರಡನೇ ವರ್ಷ ಹತ್ತನೇ ಸೀಡ್ ಆಗಿದ್ದ ಮಯಾಮಿ ತಂಡವು ಟೆಕ್ಸಸ್ ಎ ಅಂಡ್ ಎಂ, ಒಹಾಯೊ ಸ್ಟೇಟ್, ಓಲ್ ಮಿಸ್ ಮೂವರನ್ನೂ ಮುಗಿಸಿ ಫೈನಲ್‌ಗೆ ಬಂತು. 2026ರ ಜನವರಿ 19ರಂದು ಇಂಡಿಯಾನಾ ಎದುರು 27-21ರಿಂದ ಸೋತಿತು.

ಇಂಡಿಯಾನಾ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆ ಋತು ಶುರುವಾದಾಗ ಮೇಲ್ದರ್ಜೆಯ ಕಾಲೇಜ್ ಫುಟ್‌ಬಾಲ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತ ತಂಡ ಅದು. 2023ರಲ್ಲಿ ಮೂರು ಗೆಲುವು, ಒಂಬತ್ತು ಸೋಲು. ಎರಡೇ ವರ್ಷದಲ್ಲಿ 16-0 ಎಂದು ದೇಶ ಗೆದ್ದಿತು. ಕೋಚ್ ಕರ್ಟ್ ಸಿಗ್ನೆಟ್ಟಿ ಎಲ್ಲಿಂದ ಬಂದವರು ಗೊತ್ತೇ? ಜೇಮ್ಸ್ ಮ್ಯಾಡಿಸನ್ ಎಂಬ, 2022ರಲ್ಲಷ್ಟೇ ಮೇಲ್ದರ್ಜೆಗೆ ಬಂದ ವರ್ಜೀನಿಯಾದ ವಿಶ್ವವಿದ್ಯಾಲಯದಿಂದ. ಅಲ್ಲಿನ ಹಲವು ಆಟಗಾರರನ್ನೂ ಅವರು ಜೊತೆಗೆ ಕರೆತಂದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈಗ ಎದುರು ವಾದಕ್ಕೆ ಬರೋಣ. ಎಂಟನೇ ಸೀಡ್ ಗೆಲ್ಲುತ್ತದೆ, ಹತ್ತನೇ ಸೀಡ್ ಫೈನಲ್ ಆಡುತ್ತದೆ ಎಂದಮೇಲೆ ಹದಿನಾಲ್ಕನೆಯದಕ್ಕೆ ಯಾಕೆ ಅವಕಾಶ ಬೇಡ? ಈ ವಾದದ ಅತ್ಯಂತ ಬಲವಾದ ರೂಪ 2025ರ ನೋಟರ್ ಡೇಮ್. ಹತ್ತು ಗೆಲುವು, ಎರಡು ಸೋಲು. ಮಯಾಮಿ ಎದುರು ಮೂರು ಅಂಕದಿಂದ, ಟೆಕ್ಸಸ್ ಎ ಅಂಡ್ ಎಂ ಎದುರು ಒಂದು ಅಂಕದಿಂದ. ವಾರವಾರದ ಶ್ರೇಯಾಂಕದಲ್ಲಿ ಮಯಾಮಿಗಿಂತ ಮೇಲಿಟ್ಟಿದ್ದ ಸಮಿತಿ, ಇಬ್ಬರೂ ಆಡದಿದ್ದ ಕೊನೆಯ ವಾರದಲ್ಲಿ ಸ್ಥಾನ ಅದಲುಬದಲು ಮಾಡಿತು. ನೋಟರ್ ಡೇಮ್ ಸಿಟ್ಟಿನಿಂದ ಬೌಲ್ ಪಂದ್ಯವನ್ನೇ ತಿರಸ್ಕರಿಸಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಪ್ಲೇಆಫ್‌ಗೆ ಬಂದಿದ್ದರೆ ಅವರು ಚಾಂಪಿಯನ್ನೇ ಆಗಬಹುದಿತ್ತು ಎಂದೂ ಒಪ್ಪುತ್ತೇನೆ. ಆದರೆ ಅಳತೆಗೋಲು ಹಿಡಿಯಿರಿ. ಆಗಸ್ಟ್ 31ರಂದು ಮಯಾಮಿಯನ್ನು ಸೋಲಿಸುವ ಅವಕಾಶ ಅವರಿಗಿತ್ತು. ತಪ್ಪಾದದ್ದು, ಸಮಿತಿ ಆ ಸೋಲಿನ ತೂಕವನ್ನು ಕೊನೆಯ ತನಕ ಬಚ್ಚಿಟ್ಟದ್ದು. ಮಯಾಮಿಯೇ ಮೇಲು ಎಂದು ಮೊದಲ ಶ್ರೇಯಾಂಕದ ದಿನವೇ ಹೇಳಬೇಕಿತ್ತು. ಅದು ಸಮಿತಿಯ ದೋಷ, ತಂಡಗಳ ಸಂಖ್ಯೆಯ ದೋಷವಲ್ಲ.

ಆ ವರ್ಷ ಐದು ಚಾಂಪಿಯನ್ನರು, ಹನ್ನೊಂದು ಶ್ರೇಯಾಂಕದವರು ಎಂಬ 16ರ ಸೂತ್ರ ಇದ್ದಿದ್ದರೆ ಹೆಚ್ಚುವರಿಯಾಗಿ ಬರುತ್ತಿದ್ದವರು ನೋಟರ್ ಡೇಮ್, ಬಿವೈಯು, ಟೆಕ್ಸಸ್, ವ್ಯಾಂಡರ್‌ಬಿಲ್ಟ್. ಟೆಕ್ಸಸ್ ಮೂರು ಪಂದ್ಯ ಸೋತಿತ್ತು. ಅದರಲ್ಲೊಂದು, ಋತುವಿನಲ್ಲಿ ನಾಲ್ಕೇ ಪಂದ್ಯ ಗೆದ್ದ ಫ್ಲಾರಿಡಾ ಎದುರು. ಅವರು ಇನ್ನೇನು ಮಾಡಬೇಕಿತ್ತು ಎಂದು ಕೇಳಿದರೆ ಉತ್ತರ ಎದುರಿಗೇ ಇದೆ.

ನನಗೆ ನಿಜವಾಗಿ ನೋವಾಗುವುದು ಋತುವಿನ ಆಟಕ್ಕೆ ಆಗುವ ನಷ್ಟ. 2006ರ ಆ ಪಂದ್ಯದ ಬಗ್ಗೆ ಹೇಳಿದೆನಲ್ಲ, ಅದೇ ಎರಡು ತಂಡ 2024ರ ನವೆಂಬರ್ 30ರಂದು ಅದೇ ಕೊಲಂಬಸ್ಸಿನಲ್ಲಿ ಆಡಿದವು. ಆ ಮೈದಾನದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಮಿಷಿಗನ್ ಆ ವರ್ಷ ಸಾಧಾರಣ ತಂಡ. ಆದರೂ 13-10ರಿಂದ ಗೆದ್ದು, ಎದುರಾಳಿಯ ಲಾಂಛನದ ಮೇಲೆ ತನ್ನ ಬಾವುಟ ನೆಡಲು ಹೋಯಿತು. ಹೊಡೆದಾಟವಾಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಹದಿನೆಂಟು ವರ್ಷದ ಹಿಂದಾಗಿದ್ದರೆ ಒಹಾಯೊ ಸ್ಟೇಟ್‌ನ ಪ್ರಶಸ್ತಿಯ ಆಸೆ ಅವತ್ತೇ ಮುಗಿಯುತ್ತಿತ್ತು. ಈಗ 51 ದಿನಗಳ ನಂತರ ಅದೇ ತಂಡ ಅಟ್ಲಾಂಟಾದಲ್ಲಿ ಚಾಂಪಿಯನ್. ಹನ್ನೆರಡರಲ್ಲೇ ಹೀಗಾಗಿದೆ. ನ್ಯಾಯಕ್ಕಾಗಿ ಕೊಟ್ಟ ಬೆಲೆ ಇದು, ಕೊಡಬೇಕಾದದ್ದೇ ಎಂದು ನಾನು ಒಪ್ಪಿದ್ದೇನೆ. 24 ತಂಡಗಳಾದರೆ ನವೆಂಬರ್ ಕೊನೆಯ ಆ ಪಂದ್ಯದಲ್ಲಿ ಪಣಕ್ಕಿರುವುದು ಸೀಡ್ ಸಂಖ್ಯೆ ಮಾತ್ರ. ಎರಡೂ ತಂಡಗಳಿಗೆ ಜಾಗ ಆಗಲೇ ಖಚಿತವಾಗಿದ್ದರೆ ಕೋಚ್ ತನ್ನ ಗಾಯಾಳು ಕ್ವಾರ್ಟರ್‌ಬ್ಯಾಕ್‌ನನ್ನು ಆಡಿಸುತ್ತಾನೆಯೇ? ಆಡಿಸಬಾರದು, ಅದೇ ಬುದ್ಧಿವಂತಿಕೆ. ಆದರೆ ಹನ್ನೆರಡು ಶನಿವಾರಗಳ ಮೇಲೆ ನಿಂತ ಆಟಕ್ಕೆ ಆ ಬುದ್ಧಿವಂತಿಕೆ ಬಂದ ದಿನ ಅದರ ಜೀವ ಹೋಗುತ್ತದೆ.

ಹೆಚ್ಚು ತಂಡ ಬಂದರೆ ಹೊಸಬರು ಗೆಲ್ಲುತ್ತಾರೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಬೇರೆಲ್ಲೂ ಹುಡುಕಬೇಕಿಲ್ಲ. ಕಾಲೇಜ್ ಫುಟ್‌ಬಾಲ್‌ನದೇ ಎರಡನೇ ದರ್ಜೆಯಾದ ಎಫ್‌ಸಿಎಸ್‌ನಲ್ಲಿ 1978ರಲ್ಲಿ ನಾಲ್ಕು ತಂಡಗಳಿಂದ ಪ್ಲೇಆಫ್ ಶುರುವಾಗಿ ಈಗ 24 ತಂಡಗಳಿವೆ. ಅಲ್ಲಿ 2011ರಿಂದ 2024ರವರೆಗಿನ ಋತುಗಳಲ್ಲಿ ನಾರ್ತ್ ಡಕೋಟ ಸ್ಟೇಟ್ ಒಂದೇ ಹತ್ತು ಸಲ ಗೆದ್ದಿದೆ.

ಹಾಗಾದರೆ ಈ ಒತ್ತಾಯ ಎಲ್ಲಿಂದ? ಕ್ರೀಡಾ ವಾಹಿನಿ ಇಎಸ್‌ಪಿಎನ್ ಜೊತೆಗಿನ ಪ್ರಸಾರ ಒಪ್ಪಂದ 2031-32ರ ಋತುವಿನವರೆಗಿದೆ, ಒಟ್ಟು 780 ಕೋಟಿ ಡಾಲರ್. 2026ರಿಂದ ಹಣದಲ್ಲಿ ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡು ಕಾನ್ಫರೆನ್ಸ್‌ಗಳಿಗೆ ತಲಾ ಸುಮಾರು ಶೇ. 29, ಎಸಿಸಿಗೆ ಸುಮಾರು 17, ಬಿಗ್ 12ಕ್ಕೆ ಸುಮಾರು 15. ಉಳಿದ ಅರವತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಚೂರುಪಾರು. ಹಣದ ಜೊತೆಗೆ ಪ್ಲೇಆಫ್‌ನ ಸ್ವರೂಪ ನಿರ್ಧರಿಸುವ ಅಧಿಕಾರವನ್ನೂ ಆ ಎರಡು ಕಾನ್ಫರೆನ್ಸ್‌ಗಳಿಗೇ ಕೊಡಲಾಯಿತು. ಅಧಿಕಾರ ಬಂದ ಕೂಡಲೇ ಬಿಗ್ ಟೆನ್ ಮುಂದಿಟ್ಟ ಲೆಕ್ಕ ಕೇಳಿ: 16 ತಂಡಗಳಲ್ಲಿ ನಾಲ್ಕು ಬಿಗ್ ಟೆನ್‌ಗೆ, ನಾಲ್ಕು ಎಸ್‌ಇಸಿಗೆ, ಎರಡೆರಡು ಎಸಿಸಿ ಮತ್ತು ಬಿಗ್ 12ಕ್ಕೆ, ಒಂದು ಉಳಿದೆಲ್ಲ ಸಣ್ಣ ಕಾನ್ಫರೆನ್ಸ್‌ಗಳಿಗೆ, ಮೂರು ಮುಕ್ತ. ಋತು ಶುರುವಾಗುವ ಮೊದಲೇ, ಒಂದು ಚೆಂಡೂ ಎಸೆಯುವ ಮೊದಲೇ ಹಂಚಿಕೆ! ಆಮೇಲೆ ಅದೇ ಬಿಗ್ ಟೆನ್ 24ರ ಮಾತೆತ್ತಿತು, ಎಸ್‌ಇಸಿ 16ಕ್ಕೆ ಅಂಟಿಕೊಂಡಿತು, ಒಮ್ಮತವಾಗದೆ 2026ಕ್ಕೆ ಹನ್ನೆರಡೇ ಉಳಿಯಿತು. ಇಬ್ಬರ ಜಗಳದಿಂದ ಉಳಿದದ್ದು ಇನ್ನೊಂದು ವರ್ಷ ಉಳಿಯುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಇನ್ನು ಆಡುವ ಹುಡುಗರು. ಹದಿನೆಂಟರಿಂದ ಇಪ್ಪತ್ತಮೂರರ ವಯಸ್ಸು. ಮೊದಲ ಸುತ್ತು ಡಿಸೆಂಬರ್ ಮೂರನೇ ವಾರ, ಅನೇಕ ಕಡೆ ಪರೀಕ್ಷೆಗಳ ಬೆನ್ನಿಗೇ. ಇಂಡಿಯಾನಾ ಹದಿನಾರು ಪಂದ್ಯ ಆಡಿತು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲೇ ಲೀಗ್ ಹಂತದ ಪಂದ್ಯ ಹದಿನೇಳು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜ್ ಮಟ್ಟದವರೆಗೆ ಆಡಿದ್ದ 53 ಮಂದಿಯ ಮಿದುಳುಗಳಲ್ಲಿ 48ರಲ್ಲಿ ಸಿಟಿಇ ಎಂಬ ಕ್ಷಯಿಸುವ ಕಾಯಿಲೆ ಕಂಡಿತ್ತು. ಅವು ಕುಟುಂಬದವರು ದಾನ ಕೊಟ್ಟ ಮಿದುಳುಗಳು, ಹಲವರಲ್ಲಿ ಬದುಕಿದ್ದಾಗಲೇ ಲಕ್ಷಣಗಳಿದ್ದವು. ಹಾಗಾಗಿ ಆಡುವ ಎಲ್ಲರಿಗೂ ಅದೇ ಪ್ರಮಾಣ ಎಂದು ಹೇಳಲಾಗದು. ಆದರೆ ಒಂದು ದೊಡ್ಡ ಪೆಟ್ಟಿಗಿಂತ ವರ್ಷಗಟ್ಟಲೆ ಬೀಳುವ ಸಣ್ಣ ಪೆಟ್ಟುಗಳ ಮೊತ್ತವೇ ಮುಖ್ಯ ಎಂಬುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಹೇಳುತ್ತಿದ್ದಾರೆ. ಪಂದ್ಯ ಹೆಚ್ಚಿದರೆ ಪೆಟ್ಟೂ ಹೆಚ್ಚು. 2025ರ ಜೂನ್‌ನ ಕೋರ್ಟ್ ಒಪ್ಪಂದದ ನಂತರ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಎಲ್ಲ ಆಟಗಾರರಿಗೂ ಸೇರಿ 2025-26ರಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಹಂಚಬಹುದಿತ್ತು. ಬಹಳ ತಡವಾಗಿ ಬಂದ ಒಳ್ಳೆಯ ಹೆಜ್ಜೆ. ಆದರೆ ಆಟಗಾರರಿಗೆ ಒಂದು ಸಂಘವಿಲ್ಲ, ಎಷ್ಟು ಪಂದ್ಯ ಆಡಬೇಕೆಂಬ ಮಾತುಕತೆಯ ಮೇಜಿನಲ್ಲಿ ಒಂದು ಕುರ್ಚಿಯೂ ಇಲ್ಲ. ಎನ್‌ಎಫ್‌ಎಲ್ 2021ರಲ್ಲಿ ಒಂದು ಪಂದ್ಯ ಹೆಚ್ಚಿಸಲು ಆಟಗಾರರ ಸಂಘದ ಒಪ್ಪಿಗೆ ಬೇಕಾಗಿತ್ತು. ಇಲ್ಲಿ ಯಾರ ಒಪ್ಪಿಗೆಯೂ ಬೇಕಿಲ್ಲ.

ಜೇಮ್ಸ್ ಮ್ಯಾಡಿಸನ್ ಹೆಸರು ನೆನಪಿಡಲು ಹೇಳಿದ್ದೆ. 2025ರಲ್ಲಿ ಆ ತಂಡ, ಜೊತೆಗೆ ಟುಲೇನ್, ಎರಡೂ ಸಣ್ಣ ಕಾನ್ಫರೆನ್ಸ್‌ಗಳ ಚಾಂಪಿಯನ್ನರಾಗಿ ಹನ್ನೆರಡರೊಳಗೆ ಬಂದವು. ಟುಲೇನ್ 41-10ರಿಂದ ಓಲ್ ಮಿಸ್‌ಗೆ, ಜೇಮ್ಸ್ ಮ್ಯಾಡಿಸನ್ 51-34ರಿಂದ ಒರೆಗಾನ್‌ಗೆ ಸೋತವು. ತಕ್ಷಣ ಕೂಗು ಎದ್ದಿತು: ಇವರಿಗೆ ಇಲ್ಲೇನು ಕೆಲಸ, ದೊಡ್ಡ ತಂಡಗಳ ಜಾಗ ತಿಂದರು ಎಂದು. ಹಿಂದಿನ ವರ್ಷ ಎಸ್‌ಇಸಿಯ ಟೆನೆಸಿ 42-17ರಿಂದ ಸೋತಾಗ ಆ ಕೂಗು ಎಲ್ಲಿತ್ತು? ಅದೇ 2025ರಲ್ಲಿ ಅಲಬಾಮ ರೋಸ್ ಬೌಲ್‌ನಲ್ಲಿ ಇಂಡಿಯಾನಾ ಎದುರು 38-3ರಿಂದ ನೆಲಕಚ್ಚಿದಾಗ ಅಲಬಾಮವನ್ನು ಇನ್ನು ಕರೆಯಬೇಡಿ ಎಂದು ಯಾರೂ ಹೇಳಲಿಲ್ಲ. ಆ ಅಲಬಾಮವನ್ನು ಸೋಲಿಸಿದ ಕೋಚ್‌ನನ್ನು ಬೆಳೆಸಿದ್ದೇ ಜೇಮ್ಸ್ ಮ್ಯಾಡಿಸನ್. ಸಣ್ಣವರು ಗೆಲ್ಲುವುದನ್ನು ಕಲಿತ ಕೂಡಲೇ ಅವರ ಕೋಚ್‌ನನ್ನೂ ಹುಡುಗರನ್ನೂ ಹಣ ಕೊಟ್ಟು ಕರೆದೊಯ್ದು, ಆಮೇಲೆ ಖಾಲಿಯಾದವರನ್ನು ತೋರಿಸಿ ಇವರಿಗೆ ಯೋಗ್ಯತೆ ಇಲ್ಲ ಎನ್ನುವುದು ನನ್ನಿಂದ ಸಹಿಸಲಾಗದ ಮಾತು. ವಿಸ್ತರಿಸಲೇಬೇಕೆಂದಿದ್ದರೆ ಹೆಚ್ಚಿನ ಜಾಗಗಳು ಇಂಥ ಚಾಂಪಿಯನ್ನರಿಗೆ ಹೋಗಲಿ. ಆಗ ನಾನು ಮೊದಲಿಗನಾಗಿ ಕೈ ಎತ್ತುತ್ತೇನೆ. ಆದರೆ ಮೇಜಿನ ಮೇಲಿರುವ ಯಾವ ಪ್ರಸ್ತಾಪವೂ ಆ ದಿಕ್ಕಿನದ್ದಲ್ಲ.

ಭಾಷಣ ಮುಗಿದ ಮೇಲೆ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಹನ್ನೆರಡರಲ್ಲೇ ಇದ್ದು ಸರಿಪಡಿಸುವುದು ಏನೂ ಇಲ್ಲವೇ? ಇದೆ. ಮೇಲಿನ ನಾಲ್ಕು ಸೀಡ್‌ಗಳಿಗೆ ಮೊದಲ ಸುತ್ತಿನಲ್ಲಿ ವಿನಾಯಿತಿ. ಮೂರು ವಾರಕ್ಕೂ ಹೆಚ್ಚು ಕಾಲ ಆಡದೆ ಕೂತು, ಆಮೇಲೆ ಬೌಲ್ ಪಂದ್ಯಕ್ಕೆಂದು ಎಲ್ಲೋ ದೂರದ ಊರಿಗೆ ಹೋಗಬೇಕು. ಎರಡು ವರ್ಷಗಳಲ್ಲಿ ಹೀಗೆ ವಿನಾಯಿತಿ ಪಡೆದ ಎಂಟು ತಂಡಗಳಲ್ಲಿ ಮೊದಲ ಪಂದ್ಯ ಗೆದ್ದದ್ದು ಒಂದೇ, ಇಂಡಿಯಾನಾ. ಐದರಿಂದ ಎಂಟನೇ ಸೀಡ್‌ಗಳಿಗೆ ತಮ್ಮ ಕಾಲೇಜಿನ ಮೈದಾನದಲ್ಲಿ ಒಂದು ಪ್ಲೇಆಫ್ ಪಂದ್ಯ ಸಿಗುತ್ತದೆ. ಋತುವಿಡೀ ಗೆದ್ದು ಮೇಲೆ ನಿಂತವರಿಗೆ ಅದೂ ಇಲ್ಲ. ಕ್ವಾರ್ಟರ್‌ಫೈನಲ್‌ಗಳನ್ನು ಮೇಲಿನ ಸೀಡ್‌ನ ಕ್ಯಾಂಪಸ್ಸಿಗೆ ಕೊಟ್ಟು, ಒಂದು ವಾರ ಮುಂಚೆ ಆಡಿಸಿದರೆ ನವೆಂಬರ್‌ನ ಪಂದ್ಯಗಳಿಗೂ ಪಣ ಮರಳಿ ಬರುತ್ತದೆ, ಸೀಡ್‌ಗೂ ಅರ್ಥ ಬರುತ್ತದೆ, ಜನವರಿಯ ಕ್ಯಾಲೆಂಡರೂ ಒಂದಿಷ್ಟು ಹಗುರಾಗುತ್ತದೆ. ಬೌಲ್ ಸಂಘಟಕರು ಒಪ್ಪುವುದು ಕಷ್ಟ. 2022ರ ಕೊನೆಯಲ್ಲಿ ರೋಸ್ ಬೌಲ್ ಕೂಡ ಬಹಳ ಎಳೆದಾಡಿ ಆಮೇಲೆ ಒಪ್ಪಿತು, ಅದರಿಂದಲೇ 2024ರಲ್ಲಿ ಹನ್ನೆರಡು ಸಾಧ್ಯವಾಯಿತು. ಅವರಿಗೆ ಸೆಮಿಫೈನಲ್‌ಗಳನ್ನು ಬಿಟ್ಟುಕೊಡಬಹುದು. ಆಗ ಇಂಡಿಯಾನಾದಂಥ ತಂಡ ಕ್ವಾರ್ಟರ್‌ಫೈನಲ್ ಆಡಲು ಕ್ಯಾಲಿಫೋರ್ನಿಯಾಕ್ಕೆ ಹಾರಬೇಕಿಲ್ಲ, ತನ್ನೂರಾದ ಬ್ಲೂಮಿಂಗ್ಟನ್ನಿನಲ್ಲೇ, ತನ್ನ ವಿದ್ಯಾರ್ಥಿಗಳ ಎದುರೇ ಆಡಬಹುದು.